ಗೆರೆ ಡಾಕ್ಟರ ಬೆರಳು

ಗೆರೆ ಡಾಕ್ಟರ ಸುದ್ದಿ ಅತ್ತೆಯ ಕಿವಿಗೆ ಮೊದಲು ಬಿದ್ದದ್ದು ಅಳಿಯ ಕೆನ್ನೆಗೆ ಪಟ್ಟಿ ಹಾಕಿಸಿಕೊಂಡು ಮನೆಗೆ ಬಂದ ದಿನ. ಅವನು ಅಚ್ಚಿನ ಕಾರ್ಖಾನೆಯಲ್ಲಿ ಉಕ್ಕು ಕೊರೆಯುವ ಕಂಪ್ಯೂಟರ್ ಮೆಷಿನ್ ನಡೆಸುತ್ತಿದ್ದ. ಬಕೆಟ್ಟು, ಮಗ್ಗು, ಡಬ್ಬದ ಮುಚ್ಚಳ, ಏನೇ ಪ್ಲಾಸ್ಟಿಕ್ಕಿನಲ್ಲಿ ಬರಬೇಕಾದರೂ ಮೊದಲು ಉಕ್ಕಿನಲ್ಲಿ ಅದರ ಅಚ್ಚು ಆಗಬೇಕು. ಮೆಷಿನ್ನಿನ ಗಾಜಿನ ಬಾಗಿಲು ಒಡೆದು ಎಷ್ಟೋ ಕಾಲವಾಗಿತ್ತು. ಮಾಲೀಕ ಇವತ್ತು ನಾಳೆ ಎನ್ನುತ್ತಿದ್ದ. ಆ ದಿನ ಗಿರಗಿರನೆ ತಿರುಗುತ್ತಾ ಉಕ್ಕು ಕೊರೆಯುತ್ತಿದ್ದ ಟೂಲು ಮುರಿದು, ಚೂರು ಅಳಿಯನ ಕೆನ್ನೆ ಸವರಿಕೊಂಡು ಹಿಂದಿನ ಬೀರುವಿಗೆ ನಾಟಿತ್ತು.

"ಒಂಚೂರು ಈಕಡೆ ಬಂದಿದ್ರೆ?" ಮಗಳು ಅಳುತ್ತಾ ಕೇಳಿದಳು.

"ಬಂದಿಲ್ವಲ್ಲ, ಬಿಡು. ಟೀ ಕೊಡು," ಎಂದ ಅಳಿಯ.

ತಪ್ಪು ಮೆಷಿನ್ನಿನದಲ್ಲವಂತೆ, ಅದಕ್ಕೆ ಕೊಟ್ಟ ಕಂಪ್ಯೂಟರ್ ಡ್ರಾಯಿಂಗಿನದು; ಅದರ ಗೆರೆ ಹೋದ ದಾರಿಯಲ್ಲೇ ಟೂಲು ಕೊರೆಯುತ್ತದೆ. ಒಂದು ಗೆರೆಯ ಮೇಲೆ ಕೂದಲೆಳೆಯಷ್ಟು ಅಂತರದಲ್ಲಿ ಇನ್ನೊಂದು ಗೆರೆ ಕೂತಿತ್ತು. ನೋಡುವ ಕಣ್ಣಿಗೆ ಒಂದೇ, ಮೆಷಿನ್ನಿಗೆ ಎರಡು. ಟೂಲು ಕೊರೆದ ದಾರಿಯನ್ನೇ ಮತ್ತೆ ಕೊರೆಯಲು ಹೋಗಿ, ಗೆರೆಯ ತುದಿಗಳು ಕೂಡದ ಕಡೆ ದಿಕ್ಕುಗೆಟ್ಟು ಗಟ್ಟಿ ಉಕ್ಕಿಗೆ ನುಗ್ಗಿತ್ತು.

"ಇನ್ಮೇಲೆ ಅದನ್ನ ನೋಡೋಕೇ ಒಬ್ಬರು ಬರ್ತಾರಂತೆ ಅತ್ತೆ. ಗೆರೆ ಡಾಕ್ಟ್ರು."

"ಗೆರೆಗೂ ಜ್ವರ ಬರುತ್ತಾ ಅಳಿಯಂದ್ರೇ?"

"ಅದಕ್ಕೆ ಜ್ವರ ಬಂದ್ರೆ ನಮಗೆ ಹೊಲಿಗೆ ಬೀಳುತ್ತೆ."

ಬಂದ ಡಾಕ್ಟರು ಇವರ ಮನೆಯ ಮಹಡಿ ಕೋಣೆಗೇ ಬಾಡಿಗೆಗೆ ಬಂದರು. ಎತ್ತರದ, ಸೊರಗಿದ ಮನುಷ್ಯ. ಒಂದು ಕಣ್ಣು ಸ್ನಾನದ ಮನೆ ಕಿಟಕಿಯ ಗಾಜಿನ ಹಾಗೆ ಮಂಜಾಗಿತ್ತು. ಕಾರ್ಖಾನೆಯ ಧೂಳು ಆಗದೆಂದು ಕಂಪ್ಯೂಟರನ್ನು ಕೋಣೆಯಲ್ಲೇ ಇಟ್ಟುಕೊಂಡರು. ಅಳಿಯ ಅತ್ತೆ ಎಂದು ಕರೆಯುವುದನ್ನು ಕೇಳಿ ಅವರೂ ಅತ್ತೆ ಎಂದೇ ಕರೆದರು. ಮಗ್ಗಿನ ಹಿಡಿಯನ್ನು ರಸ್ತೆಯಷ್ಟು ಅಗಲವಾಗಿ ಹಿಗ್ಗಿಸಿ, ಗೆರೆ ಎಲ್ಲಿ ತುಂಡಾಗಿದೆ, ಎಲ್ಲಿ ತನ್ನ ಮೇಲೆ ತಾನೇ ಗಂಟು ಹಾಕಿಕೊಂಡಿದೆ, ಎಲ್ಲಿ ಬಾಗು ಮುರಿದಿದೆ ಎಂದು ಹುಡುಕುವುದು, ಅಳಿಸುವುದು, ಕೂಡಿಸುವುದು, ಇದೇ ಅವರ ಕೆಲಸ.

"ಹೆಂಡತಿ ಮಕ್ಕಳು?" ಎಂದು ಅತ್ತೆ ಕೇಳಿದ್ದಳು.

"ನನ್ನ ತಪ್ಪು ಹುಡುಕೋಕೆ ಮನೆಯಲ್ಲಿ ಯಾರೂ ಇಲ್ಲ," ಎಂದಿದ್ದರು.

ಅವರು ಬಂದಮೇಲೆ ಟೂಲು ಮುರಿಯುವುದು ನಿಂತಿತು. ಅಳಿಯ ಹೊಟ್ಟೆ ತುಂಬ ಉಣ್ಣತೊಡಗಿದ. ಡಾಕ್ಟರು ನೋಡಿದ ಡ್ರಾಯಿಂಗೆಂದರೆ ಕಣ್ಣುಮುಚ್ಚಿ ಬಟನ್ ಒತ್ತಬಹುದು ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಅತ್ತೆ ಟೀ ಹಿಡಿದು ಮಹಡಿ ಹತ್ತಿದಳು.

"ಬನ್ನಿ, ಇಬ್ಬರೂ ಒಳಗೆ ಬನ್ನಿ," ಎಂದರು ಡಾಕ್ಟರು.

ಅತ್ತೆ ತಿರುಗಿ ನೋಡಿದಳು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳ ಬೆನ್ನಿಗೆ ಬಂದು ನಿಲ್ಲುವವರು ಯಾರಿದ್ದರು? ಆದರೂ ದನಿ ತಗ್ಗಿಸಿ ಕೇಳಿಯೇಬಿಟ್ಟಳು: "ಎಡಗಡೆಗಾ? ನನಗಿಂತ ಸ್ವಲ್ಪ ಎತ್ತರ ಇದ್ದಾರಾ?"

ಡಾಕ್ಟರ ಮುಖ ಬಾಡಿತು. "ತಪ್ಪು ತಿಳ್ಕೋಬೇಡಿ ಅತ್ತೆ. ಅದೂ ನೀವೇ. ನೀವು ನನಗೆ ಎರಡೆರಡಾಗಿ ಕಾಣ್ತೀರಿ."

ಕಣ್ಣಿನ ಮುಂದಿನ ಪೊರೆ ತೆಳ್ಳಗಾಗಿ ಸೊಟ್ಟಗೆ ಉಬ್ಬುವ ಕಾಯಿಲೆ. ಒಂದು ಕಣ್ಣನ್ನು ಕೊಯ್ಯಿಸಿ ಬೇರೆಯವರ ಪೊರೆ ಹೊಲಿಸಿದ್ದಾಗಿತ್ತು, ಅದು ಹತ್ತಲಿಲ್ಲ. ಈಗ ಉಳಿದದ್ದೂ ಅದೇ ಹಾದಿ ಹಿಡಿದಿತ್ತು. ದೀಪದ ಪಕ್ಕ ಮಸುಕು ದೀಪ, ಬಾಗಿಲ ಪಕ್ಕ ಮಸುಕು ಬಾಗಿಲು, ಮನುಷ್ಯರ ಪಕ್ಕ ಮಸುಕು ಮನುಷ್ಯರು.

"ನನ್ನ ಕಣ್ಣಿನ ಬಾಗೇ ಕೆಟ್ಟಿದೆ ನೋಡಿ," ಎಂದು ನಕ್ಕರು. ನಗು ಬೇಗ ಆರಿತು. "ಅಳಿಯಂದ್ರಿಗೆ ಹೇಳ್ಬೇಡಿ. ಎಷ್ಟೋ ತಪ್ಪು ಕಂಪ್ಯೂಟರೇ ಹಿಡಿಯುತ್ತೆ. ಅದಕ್ಕೆ ಸಿಗದಿದ್ದನ್ನ ನಾನು ಬೆರಳಿಟ್ಟು ತೋರಿಸ್ತೀನಿ. ಅಲ್ಲಿ ಗೆರೆ ಒಂದೋ ಎರಡೋ, ನೀವು ಅಷ್ಟು ಹೇಳಿ ಸಾಕು."

ಒಬ್ಬರ ಅನ್ನಕ್ಕೆ ಕಲ್ಲು ಹಾಕುವ ಬಾಯಿ ಅವಳದಲ್ಲ. ಜೊತೆಗೆ, ಪಕ್ಕದಲ್ಲಿ ಯಾರೋ ಇದ್ದಾರೆಂದು ಕೇಳಿದ ಆ ಒಂದು ಗಳಿಗೆ ಅವಳನ್ನು ಹಿಡಿದು ಕೂರಿಸಿತ್ತು. ಅಂದಿನಿಂದ ಮಧ್ಯಾಹ್ನವೆಲ್ಲ ಆ ಕೋಣೆಯಲ್ಲಿ ಎರಡೇ ಮಾತು. ಒಂದು. ಎರಡು. ಕೆಳಗಿಳಿದು ಬಂದಮೇಲೂ ಕಣ್ಣು ಆ ಎಣಿಕೆ ಬಿಡುತ್ತಿರಲಿಲ್ಲ: ತಟ್ಟೆಯ ಅಂಚು, ಕನ್ನಡಿಯ ಅಂಚು, ಎಲ್ಲದರಲ್ಲೂ ಇನ್ನೊಂದು ಗೆರೆ ಅಡಗಿ ಕೂತಂತೆ. ಒಬ್ಬಳೇ ಇದ್ದಾಗ ಗೋಡೆಯ ಮೇಲಿನ ತನ್ನ ನೆರಳಿನ ಎಡಪಕ್ಕವನ್ನು ಓರೆಗಣ್ಣಲ್ಲಿ ನೋಡುತ್ತಿದ್ದಳು. ಬೆಳಗ್ಗೆ ಅಳಿಯ ಚಪ್ಪಲಿ ಮೆಟ್ಟಿ ಹೊರಟರೆ ಅವನು ತಿರುವು ದಾಟುವವರೆಗೂ ಗೇಟಿನಲ್ಲಿ ನಿಂತು ನೋಡುತ್ತಿದ್ದಳು.

ಮಗ್ಗಿನ ಅಚ್ಚಿನ ದಿನ ಡಾಕ್ಟರು ಹಿಡಿಯ ಬುಡದಲ್ಲಿ ಬೆರಳಿಟ್ಟರು. "ಇಲ್ಲಿ?"

ಅತ್ತೆ ಬೆರಳಿನ ತುದಿಯನ್ನೇ ದಿಟ್ಟಿಸಿದಳು. "ಒಂದೇ. ಚೆನ್ನಾಗಿ ಕೂಡಿದೆ."

ಡ್ರಾಯಿಂಗು ಕಾರ್ಖಾನೆಗೆ ಹೋಯಿತು. ಅತ್ತೆ ನೀರಿನ ಲೋಟ ಚಾಚಿದಳು. ಡಾಕ್ಟರು ಕೈ ನೀಡಿ, ಲೋಟದ ಪಕ್ಕದ ಗಾಳಿಯನ್ನು ಹಿಡಿದುಕೊಂಡರು. ಲೋಟ ಇನ್ನೂ ಅವಳ ಕೈಯಲ್ಲೇ ಇತ್ತು.

ಅತ್ತೆ ಲೋಟ ಕೆಳಗಿಟ್ಟಳು. ಲೋಟ ಸಿಗದ ಕೈ ಗೆರೆಯನ್ನು ಮುಟ್ಟಿದ್ದು ಹೇಗೆ? ಅವರು ಬೆರಳಿಟ್ಟದ್ದು ಅವರ ಕಣ್ಣಿಗೆ ಮಾತ್ರ ಕಾಣುವ ಮಸುಕು ಗೆರೆಯ ಮೇಲೆ, ನಿಜದ ಜಾಗದಿಂದ ಆಚೆ. ಅವಳು ಬೆರಳಿನ ಕೆಳಗಷ್ಟೇ ನೋಡಿದ್ದಳು.

"ಡಾಕ್ಟ್ರೇ, ಅದನ್ನ ಮತ್ತೆ ತೆಗೀರಿ. ನಿಮ್ಮ ಬೆರಳು ಜಾಗದಲ್ಲಿರಲಿಲ್ಲ."

ತೆಗೆದರು. ಬೆರಳಿಟ್ಟಿದ್ದ ಕಡೆಯಿಂದ ಸ್ವಲ್ಪ ಮೇಲೆ, ಹಿಡಿಯ ಗೆರೆಗೆ ಅಂಟಿಕೊಂಡಂತೆ ಇನ್ನೊಂದು ಗೆರೆ ಓಡಿತ್ತು. ಅದರ ತುದಿ ಎಲ್ಲಿಗೂ ಕೂಡಿರಲಿಲ್ಲ.

"ಎರಡು," ಎಂದಳು ಅತ್ತೆ.

ಡಾಕ್ಟರು ಫೋನ್ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟರು. "ಹೇಗೆ ತಪ್ಪಿತು ಅಂತ ಕೇಳ್ತಾರೆ ಅತ್ತೆ."

"ಕೇಳಲಿ. ಮೆಷಿನ್ ಮುಂದೆ ನಿಂತಿರೋದು ನನ್ನ ಮಗಳ ಗಂಡ. ನೀವು ಮಾಡ್ತೀರೋ, ನಾನೇ ಓಡಲೋ?"

ಅವರೇ ಮಾಡಿದರು. ಟೂಲು ಉಕ್ಕು ಮುಟ್ಟುವ ಮೊದಲೇ ಅಳಿಯ ಮೆಷಿನ್ ನಿಲ್ಲಿಸುವ ಕೆಂಪು ಬಟನ್ ಗುದ್ದಿದ. ಸಂಜೆ ಮಾಲೀಕ ಬಂದಾಗ ಡಾಕ್ಟರು ಎಲ್ಲ ಹೇಳಿಬಿಟ್ಟರು, ಅತ್ತೆಯ ವಿಷಯ ಒಂದು ಬಿಟ್ಟು. ಅದನ್ನು ಅವಳೇ ಅಳಿಯನ ಮುಂದೆ ಹೇಳಿದಳು.

"ಇಷ್ಟು ದಿನ ನಿಮ್ಮಿಬ್ಬರ ಊಹೆ ಮೇಲೆ ನನ್ನ ತಲೆ ನಿಂತಿತ್ತಾ ಅತ್ತೆ?" ಎಂದು ಅವನು ಕೇಳಿದ. ಅವನು ಡಾಕ್ಟರ ಜೊತೆ ಮಾತು ಬಿಟ್ಟ.

ಡಾಕ್ಟರ ಕೆಲಸ ಹೋಯಿತು. ಕಣ್ಣಿನ ಆಸ್ಪತ್ರೆಯಿರುವ ಊರಿಗೆ ಹೊರಟ ದಿನ ಡಾಕ್ಟರು ಅಳಿಯನ ಕೋಣೆಯ ಮುಂದೆ ನಿಂತರು. "ಬರ್ತೀನಪ್ಪ" ಎಂದರು. ಬಾಗಿಲು ತೆರೆಯಲಿಲ್ಲ. ಅತ್ತೆ ಅವರ ರಟ್ಟೆ ಹಿಡಿದು ಅಂಗಳಕ್ಕೆ ಕರೆತಂದಳು. ಗೇಟಿನ ಕಂಬಿಗೆ ಮಗಳು ಗಂಡನ ನೀಲಿ ಕೆಲಸದ ಕೋಟನ್ನು ಒಣಹಾಕಿದ್ದಳು. ತೋಳುಗಳು ಗಾಳಿಗೆ ಎದ್ದು ಬೀಳುತ್ತಿದ್ದವು.

ಡಾಕ್ಟರು ತಟ್ಟನೆ ನಿಂತರು. ಗೇಟಿನ ಕಡೆ ಕತ್ತು ಚಾಚಿದರು. ಅತ್ತೆಯ ಕೈಯ ಮೇಲೆ ಅವರ ಹಿಡಿತ ಬಿಗಿಯಾಯಿತು.

"ಅಳಿಯಂದ್ರು ಕಳಿಸೋಕೆ ಬಂದಿದ್ದಾರಾ? ಅಲ್ಲಿ ನೀಲಿಯಲ್ಲಿ ಇಬ್ಬರು ಕಾಣ್ತಿದ್ದಾರೆ ಅತ್ತೆ," ಎಂದರು. "ಒಬ್ಬರಾದ್ರೂ ಇದ್ದಾರಾ, ನೋಡಿ ಹೇಳ್ತೀರಾ?"