ಬೀರವ್ವನ ಬದಲಿಗೆ ಬಂದ ಮುಯ್ಯಾಳು

ಆಶಾ ಕಾರ್ಯಕರ್ತೆ ಮೋತಿಬಿಯ ಕೆಮ್ಮಿನ ಪ್ರತಾಪ ಅಡರಕಟ್ಟಿಯಲ್ಲಿ ಕೇಳದವರಿಲ್ಲ. ಅವಳು ಮನೆಯ ಮುಂದೆ ನಿಂತು ಒಮ್ಮೆ ಕೆಮ್ಮಿದರೆ ಮಲಗಿದ ಎಮ್ಮೆ ಎದ್ದು ನಿಲ್ಲುತ್ತದೆ, ಡಂಬಳದ ಕೆರೆಯ ಕೊಕ್ಕರೆಗಳು ಹಾರಿ ಡೋಣಿಯ ಗುಡ್ಡ ಸೇರುತ್ತವೆ, ಗರ್ಭಕೋಶದ ಬಾಯಿಯ ತಪಾಸಣೆ ಬಾಕಿ ಉಳಿಸಿಕೊಂಡ ಹೆಂಗಸರು ಹಿತ್ತಲ ಬಾಗಿಲಿನಿಂದ ಪರಾರಿಯಾಗುತ್ತಾರೆ. ಎಮ್ಮೆ, ಕೊಕ್ಕರೆಗಳ ಬಗ್ಗೆ ನನಗೆ ಸ್ವಲ್ಪ ಅನುಮಾನವಿದೆ. ಹೆಂಗಸರ ಓಟವನ್ನಂತೂ ಕಣ್ಣಾರೆ ಕಂಡಿದ್ದೇನೆ.

ಆ ಪರಾರಿ ಪಡೆಯ ದಂಡನಾಯಕಿ ಬೀರವ್ವ. ಹಿಂದೊಮ್ಮೆ ತಪಾಸಣೆಯಲ್ಲಿ ಅವಳಿಗೆ ಬಿಳಿ ಮಚ್ಚೆ ಕಂಡಿತ್ತು. ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟರೆ ಮುಂದೆ ಆಗಬಹುದಾದದ್ದು. ಗದಗಿನಲ್ಲಿ ಅದನ್ನು ಸುಟ್ಟು ತೆಗೆದು, ವರ್ಷ ವರ್ಷ ಬಂದು ತೋರಿಸಬೇಕೆಂದು ಹೇಳಿ ಕಳಿಸಿದ್ದರು. ಬೀರವ್ವನಿಗೋ ನೋವಿಲ್ಲ, ನವೆಯಿಲ್ಲ. ಹೋದ ವರ್ಷ ಹೋಗಲೇ ಇಲ್ಲ. ಈ ವರ್ಷ ಮೋತಿಬಿಯ ಕಾಟ ತಾಳಲಾರದೆ ‘ಬರ್ತೀನಿ’ ಎಂದಳು.

ಲಕ್ಷ್ಮೇಶ್ವರದ ದವಾಖಾನೆಯಲ್ಲಿ ನರ್ಸ್ ಬೀರವ್ವನ ಹೆಸರು ಕೂಗಿದಾಗ ಎದ್ದು ನಿಂತವಳು ಅವಳ ನೆಗೆಣ್ಣಿ!

“ನೀ ಯಾಕ ಬಂದೀಲೇ?” ಮೋತಿಬಿ ಗುಡುಗಿದಳು.

“ಮುಯ್ಯಾಳ ಬಂದೀನ್ರಿ ಅಕ್ಕಾ. ಮೊನ್ನಿ ಆಕಿ ನನ್ನ ಹೊಲಕ್ಕ ದುಡಿಯಾಕ ಬಂದಿದ್ಳು. ಇವತ್ತ ಆಕಿ ಬದ್ಲಿ ನಾ ಬಂದೆ.”

ಮೋತಿಬಿ ಬಂದವಳನ್ನೂ ಬಿಡಲಿಲ್ಲ, ಆ ನೆಗೆಣ್ಣಿಯ ಸ್ವಂತ ಹೆಸರಿನಲ್ಲೇ ತಪಾಸಣೆಗೆ ಕೂರಿಸಿದಳು. ತಾನು ಆಟೊ ಹತ್ತಿ ನೇರ ಬೀರವ್ವನ ಹೊಲಕ್ಕೆ ದಂಡೆತ್ತಿ ಹೋದಳು. ಈ ಸಲ ಕೆಮ್ಮಲಿಲ್ಲ.

“ಏ ಬೀರವ್ವಾ! ಮುಯ್ಯಾಳು ಹೊಲಕ್ಕ ನಡೀತೈತಿ, ಮಚ್ಚಿಗೆ ನಡಿಯಂಗಿಲ್ಲ. ಏಳು.”

“ನಾ ಹೋದ್ರ ಈ ಮೆಣಸಿನಕಾಯಿ ಯಾರು ಬಿಡಸ್ತಾರ್ರಿ? ನೀವೇನು?”

“ಹೂಂ, ನಾನ! ಆಟೊ ನಿಂತೈತಿ. ಡಾಕ್ಟರು ಏಳೂದ್ರೊಳಗ ಹೋಗಿ ಬಾ.”

ಬೀರವ್ವ ಸುತ್ತ ನೋಡಿದಳು. ಹೊಲಕ್ಕೆ ಹಿತ್ತಲ ಬಾಗಿಲೆಂಬುದಿಲ್ಲ. ಗೊಣಗುತ್ತ ಆಟೊ ಹತ್ತಿದಳು. ಮೋತಿಬಿ ಸೆರಗು ಬಿಗಿದು ಗಿಡಗಳ ನಡುವೆ ಬಗ್ಗಿದಳು.

ಮಚ್ಚೆ ಮತ್ತೆ ಮೂಡಿತ್ತು, ಸಣ್ಣದು. ಆ ವಾರವೇ ಗದಗಿಗೆ ಕರೆದೊಯ್ದು ತೆಗೆಸಿದ್ದಾಯಿತು. ಇನ್ನೊಂದು ವರ್ಷ ತಪ್ಪಿಸಿದ್ದರೆ ಏನಾಗುತ್ತಿತ್ತೋ ಎಂದು ಡಾಕ್ಟರು ಬೈದರಂತೆ.

ಆದರೆ ಅದೆಲ್ಲ ಆಮೇಲಿನ ಮಾತು. ಆ ಸಂಜೆ ಹೊಲದಿಂದ ಮರಳುತ್ತಿದ್ದ ವೀರವನಿತೆಯನ್ನು ನಾನು ದಾರಿಯಲ್ಲೇ ತಡೆದೆ. “ಮೋತಿಬಿ, ಇಂಥಾ ಹಟಮಾರಿನ್ನ ಗೆದ್ದ ಗುಟ್ಟೇನು?”

“ಗುಟ್ಟು ಎಲ್ಲೀದ್ರಿ? ಮೆಣಸಿನಕಾಯಿ ಬಿಡಿಸಿ ಕೈ ಉರಿಯಾಕತ್ತಾವ. ಮನ್ಯಾಗ ಕೊಬ್ರಿ ಎಣ್ಣಿ ಇದ್ರ ಒಂದೀಟು ಕೊಡ್ರಿ.”