ಒಪ್ಪತ್ತಿನ ಶ್ರಾವಣ, ಎರಡು ಹೊತ್ತಿನ ಗುಳಿಗೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ವರ್ಷದ ನನ್ನ ಡೈರಿ ಕೈಯಲ್ಲೇ ಇದೆ, ಆದರೆ ಅದರಲ್ಲಿ ಮಾವನ ಹೃದಯಕ್ಕಿಂತ ನನ್ನ ಕೂದಲು ಉದುರುವ ಸಂಗತಿಗೇ ಹೆಚ್ಚು ಪುಟಗಳು ಹೋಗಿವೆ. ಎಂಬತ್ತರ ದಶಕದ ನಡುವಿನ ಒಂದು ಶ್ರಾವಣ, ಊರು ಮಾನ್ವಿ, ಇಷ್ಟು ಖಚಿತ. ಉಳಿದುದರಲ್ಲಿ ನಾನು ಕಂಡದ್ದೆಷ್ಟು, ಅತ್ತೆ ಹೇಳಿ ಹೇಳಿ ನನ್ನ ತಲೆಯಲ್ಲಿ ಕೂರಿಸಿದ್ದೆಷ್ಟು ಎಂದು ಆಣೆ ಮಾಡಿ ಹೇಳಲಾರೆ.

ಮಾವನೆಂದರೆ ನಮ್ಮವ್ವನ ತಮ್ಮ, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಆಷಾಢದಲ್ಲಿ ಮದ್ರಾಸಿನಲ್ಲಿ ಅವನಿಗೆ ಬೈಪಾಸ್ ಆಪರೇಷನ್ ಆಗಿತ್ತು. ಕಾಲಿನ ನರ ತೆಗೆದು ಎದೆಗೆ ಜೋಡಿಸಿದ್ದಾರೆಂಬ ಸುದ್ದಿ ಹಬ್ಬಿ, ಓಣಿಯ ಮಂದಿಯೆಲ್ಲ ಬಂದು ಅವನ ಎದೆ ಬಿಟ್ಟು ಕಾಲನ್ನೇ ನೋಡಿ ಹೋದರು. ಒಬ್ಬ ಮುದುಕಿಯಂತೂ, "ಯಪ್ಪಾ, ಇನ್ನ ಮ್ಯಾಲ ಮುಳ್ಳು ತುಳದ್ರ ಎದಿ ನೋಯ್ತದೇನು?" ಎಂದು ನಿಜವಾದ ಕಾಳಜಿಯಿಂದಲೇ ಕೇಳಿದಳು.

ಮದ್ರಾಸಿನ ಡಾಕ್ಟರು ಒಂದು ಮಾತನ್ನು ಒತ್ತಿ ಹೇಳಿ ಕಳಿಸಿದ್ದರು. ಇಂಥ ಆಪರೇಷನ್ ಆದ ಮೇಲೆ ಕೆಲವು ವಾರ ಹೃದಯದ ಬಡಿತ ತಾಳ ತಪ್ಪುವುದುಂಟು. ಹಾಗಾಗದಿರಲೆಂದು ಸಣ್ಣದೊಂದು ಬಿಳಿ ಗುಳಿಗೆ, ದಿನಕ್ಕೆ ಎರಡು, ಊಟವಾದ ಮೇಲೆ. ತಪ್ಪಿಸಿದರೆ ಜೀವಕ್ಕೇ ಅಪಾಯ. ದಿನಾ ನಾಡಿ ನೋಡಬೇಕು, ಏರುಪೇರಾದರೆ ಕೂಡಲೇ ರಾಯಚೂರಿಗೆ ಕರೆದೊಯ್ಯಬೇಕು.

ನಾಡಿ ನೋಡುವವರು ಯಾರು? ಅತ್ತೆ ಮಾವನ ಕೈ ಹಿಡಿದರೆ ಎಣಿಸುವ ಮೊದಲೇ ಅಳುತ್ತಿದ್ದಳು. ನಾನು ರಾಯಚೂರಿನಲ್ಲಿ ಓದುತ್ತಿದ್ದೆ, ಬಸ್ಸು ಹಿಡಿದು ಬರುತ್ತಿದ್ದುದು ಶನಿವಾರ ಮಾತ್ರ. ಹೀಗಾಗಿ ಕೆಲಸ ಪಕ್ಕದ ಮನೆಯ ಚಾಚಾನ ಪಾಲಿಗೆ ಬಂತು. ಅವನದು ಬಟ್ಟೆ ಅಂಗಡಿ, ಗುರುವಾರ ದರ್ಗಾದಲ್ಲಿ ಢೋಲಕ್ ಬಾರಿಸುತ್ತಿದ್ದ. "ನನಗ ಗಡಿಯಾರ ಬ್ಯಾಡ, ತಾಳ ಗೊತ್ತದ," ಎಂದು ಮಾವನ ಮಣಿಕಟ್ಟು ಹಿಡಿದು, ಕಣ್ಣು ಮುಚ್ಚಿ, ಇನ್ನೊಂದು ಕೈಯಿಂದ ತನ್ನ ತೊಡೆ ತಟ್ಟುತ್ತಾ ಕೂರುತ್ತಿದ್ದ. ಆಮೇಲೆ ತೀರ್ಪು.

"ಠೀಕ್ ಅದ ಭಾಯಿ. ಮದುವಿ ಮೆರವಣಿಗಿ ಹೋದಂಗ ಹೊಂಟದ."

ಇನ್ನೊಂದು ದಿನ, "ಇವತ್ತ ಜರಾ ಜೋರ ಅದ. ಭಜಿ ತಿಂದೀರೇನು?"

"ಇಲ್ಲಪಾ," ಎಂದ ಮಾವ.

"ಬಾಯಿ ವಾಸನಿ ಬ್ಯಾರೇನೇ ಹೇಳ್ತದ," ಎಂದಳು ಅತ್ತೆ.

"ಬಿಡ್ರಿ ಭಾಭಿ, ಎದಿಯಾಗಿಂದು ಕಾಲಿನ ನರ. ಅದಕ್ಕ ಭಜಿ ಅಂಗಡಿ ದಾರಿ ಮೊದಲಿಂದ ರೂಢಿ ಅದ."

ಶ್ರಾವಣ ಎರಡನೆಯ ವಾರಕ್ಕೆ ಬಿದ್ದಿತ್ತು. ಒಂದು ಭಾನುವಾರ ಬೆಳಿಗ್ಗೆ ಚಾಚಾ ತೊಡೆ ತಟ್ಟುತ್ತಿದ್ದವನು ನಿಲ್ಲಿಸಿದ. ಮತ್ತೆ ಶುರು ಮಾಡಿ ಮತ್ತೆ ನಿಲ್ಲಿಸಿದ. ಕಣ್ಣು ತೆರೆದು, "ಇದು ಯಾವ ತಾಳನೂ ಅಲ್ಲ," ಎಂದ. "ಎರಡು ಬಡೀತದ, ಒಂದು ನುಂಗ್ತದ, ಆಮ್ಯಾಲ ನಾಕು ಒಮ್ಮಿಗೇ ಓಡ್ತಾವ."

ಯಾರೂ ನಗಲಿಲ್ಲ. ಮಾವನ ಹಣೆ ಬೆವರಿತ್ತು. ನಾನು ಕೈಗಡಿಯಾರ ನೋಡುತ್ತಾ ಎಣಿಸಿದೆ, ಗಾಬರಿಯಲ್ಲಿ ಎಣಿಸಿದ್ದು ನನ್ನದೇ ನಾಡಿಯಿರಬೇಕು. ಅಕ್ಕಿ ಗಿರಣಿಯವರ ಜೀಪಿನಲ್ಲಿ ರಾಯಚೂರಿಗೆ ಹೊರಟೆವು. ಚಾಚಾ ದಾರಿಯುದ್ದಕ್ಕೂ ಕೈ ಬಿಡಲಿಲ್ಲ. ಜೀಪು ಕುಣಿದಾಗಲೆಲ್ಲ, "ಇದು ರಸ್ತೇದು... ಇದು ಭಾಯಿದು... ಇದು ಮತ್ತ ರಸ್ತೇದು," ಎಂದು ಬೇರ್ಪಡಿಸುತ್ತಿದ್ದ.

ರಾಯಚೂರಿನ ಡಾಕ್ಟರು ಇಸಿಜಿ ತೆಗೆದರು, ಇಂಜೆಕ್ಷನ್ ಕೊಟ್ಟರು. ಆಮೇಲೆ ಅತ್ತೆಯ ಕಡೆ ತಿರುಗಿದರು. "ಗುಳಿಗಿ ತಪ್ಪಿಸೀರೇನು?"

"ಒಂದೂ ತಪ್ಪಿಸಿಲ್ರೀ! ಊಟ ಆದ ಕೂಡ್ಲೆ ನಾನ ಕೈಯಾಗ ಇಟ್ಟು ನುಂಗಸ್ತೀನಿ."

ಡಾಕ್ಟರು ಅತ್ತೆ ತಂದಿದ್ದ ಗುಳಿಗೆ ಸೀಸೆಯನ್ನು ಮೇಜಿನ ಮೇಲೆ ಸುರಿದು ನೋಡಿದರು. ಇರಬೇಕಾದ್ದಕ್ಕಿಂತ ಬಹಳ ಉಳಿದಿದ್ದವು.

"ಉಳದ್ರ ಚಲೋನ ಅಲ್ರೀ?" ಎಂದಳು ಅತ್ತೆ.

"ದಿನಕ್ಕ ಎಷ್ಟು ಸಲ ಊಟ ಮಾಡ್ತಾರ ಇವರು?"

"ಒಂದ ಸಲ ರೀ. ಶ್ರಾವಣ ಅಲ್ರೀ? ಇವರು ಜೀವಂತ ತಿರುಗಿ ಬಂದ್ರ ಇಬ್ಬರೂ ಶ್ರಾವಣ ತಿಂಗಳ ಪೂರ್ತಿ ಒಪ್ಪತ್ತು ಮಾಡ್ತೀವಂತ ದೇವದುರ್ಗದಾಗ ತವರಮನಿ ದೇವರಿಗಿ ಹರಕಿ ಹೊತ್ತಿದ್ದೆ."

ಊಟ ಒಂದು ಸಲ, ಹಾಗಾಗಿ ಗುಳಿಗೆಯೂ ಒಂದೇ. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುವೋ ದಣಿವೋ ಆಗಲೂ ತಿಳಿಯಲಿಲ್ಲ. "ಒಪ್ಪತ್ತು ಹೊಟ್ಟಿಗಿ, ತಾಯಿ. ಹೃದಯ ಎರಡೂ ಹೊತ್ತು ದುಡೀತದ."

ಅತ್ತೆ ಸೋಲುವವಳಲ್ಲ. "ಊಟ ಆದ ಮ್ಯಾಲ ಅಂತ ಮದ್ರಾಸಿನ ಡಾಕ್ಟರ ಹೇಳ್ಯಾರ. ರಾತ್ರಿ ಉಂಡ್ರ ಹರಕಿ ಮುರೀತದ, ಉಣ್ಣದಿದ್ರ ಗುಳಿಗಿ ಹ್ಯಾಂಗ ಕೊಡ್ಲಿ?"

ಚಾಚಾ ಮೂಲೆಯಿಂದ ಕೇಳಿದ, "ಬಾಳೆಹಣ್ಣು ಊಟದಾಗ ಬರ್ತದೇನು ಭಾಭಿ?"

"ಇಲ್ಲಪಾ, ಅದು ಫಲಾಹಾರ."

"ಮತ್ತ ಗುಳಿಗಿ ಅದರ ಬೆನ್ನಿಗೆ ಕೊಡ್ರಿ!"

ಅತ್ತೆ ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳದೆ ಒಪ್ಪಲಿಲ್ಲ. ಡಾಕ್ಟರು ಬರೆದರು: ರಾತ್ರಿ ಒಂದು, ಬಾಳೆಹಣ್ಣಿನ ನಂತರ. ಈ ಚೀಟಿಯನ್ನು ನಾನೇ ಓದಿದ ನೆನಪು. ಡೈರಿಯಲ್ಲಿ ಮಾತ್ರ ಇದರ ಸುದ್ದಿಯೇ ಇಲ್ಲ, ಆ ದಿನ ಬರೆದದ್ದು "ಮಾವನಿಗೆ ಈಗ ಪರವಾಗಿಲ್ಲ" ಎಂಬ ಒಂದು ಸಾಲು. ಎರಡು ದಿನ ಅಲ್ಲೇ ಇಟ್ಟುಕೊಂಡರು, ಬಡಿತ ದಾರಿಗೆ ಬಂತು. ಹರಕೆಯೂ ಮುರಿಯಲಿಲ್ಲ.

ನನ್ನನ್ನು ಕಾಡಿದ್ದು ಬೇರೆ. ಅತ್ತೆಗೆ ಓದು ಬರುತ್ತಿರಲಿಲ್ಲ, ಅವಳನ್ನು ಏನೆನ್ನಲಿ? ಮಾವ ಹಾಗಲ್ಲ. ಊರಿನವರ ಅರ್ಜಿಗಳಲ್ಲಿ ಒಂದು ಕೊಂಬು ತಪ್ಪಿದ್ದರೂ ವಾಪಸು ಕಳಿಸುತ್ತಿದ್ದ ಗುಮಾಸ್ತ. ಸೀಸೆಯ ಮೇಲೆ ದಿನಕ್ಕೆ ಎರಡು ಎಂದು ಬರೆದಿತ್ತು, ಮದ್ರಾಸಿನ ಡಾಕ್ಟರು ಹೇಳಿದಾಗ ಎದುರಿಗೆ ಕೂತವನೂ ಅವನೇ. ದಸರಾ ರಜೆಗೆ ಹೋದಾಗ ಅತ್ತೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮಾವ ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತಿದ್ದ. ಅವನ ಪಕ್ಕ ಹೋಗಿ ಕೂತು ಕೇಳಿದೆ. ಅವನು ಪೇಪರ್ ಸ್ವಲ್ಪ ಮೇಲಕ್ಕೆತ್ತಿದ, ಅಷ್ಟೇ. ಆಮೇಲೂ ಎಷ್ಟೋ ಸಲ ಇದನ್ನೇ ಕೇಳಿದ್ದೇನೆ, ಪ್ರತಿ ಸಲವೂ ಪೇಪರ್ ಮೇಲೇರಿದೆ.

"ಮಾವಾ, ಖರೇ ಹೇಳು. ಎರಡು ನುಂಗಬೇಕಂತ ನಿನಗ ಗೊತ್ತಿತ್ತು, ಅತ್ತಿ ಹರಕಿ ಮುರೀಬಾರ್ದಂತ ಸುಮ್ಮನ ಇದ್ದೇನು?"