ಹದಿನೈದು ದಿನದ ಸೆಮಿನಾರು

ನನ್ನ ಭಾವ ಸಿಥೋನ್ ನಮ್ಮ ರಾಜಧಾನಿ ವಿಯೆಂಟಿಯಾನ್‌ನಲ್ಲಿ ಅಮೆರಿಕದವರ ಕಚೇರಿಯ ಜೀಪು ಓಡಿಸುತ್ತಿದ್ದ. ಅವನಿಗೆ ಬರುತ್ತಿದ್ದ ಇಂಗ್ಲಿಷು ಎರಡೇ ಮಾತು, ‘ಓಕೆ’ ಮತ್ತು ‘ನೋ ಪ್ರಾಬ್ಲಂ’. ಅಷ್ಟಕ್ಕೇ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದ. “ದೊರೆಗಳು ಬಂದ್ರು ಕಣೇ ಅಕ್ಕಾ, ಚಾಪೆ ಹಾಸು” ಎಂದು ನಾನು ರೇಗಿಸುತ್ತಿದ್ದೆ.

ಎಪ್ಪತ್ತೈದರಲ್ಲಿ ಅಮೆರಿಕದವರು ಗಂಟುಮೂಟೆ ಕಟ್ಟಿದರು, ರಷ್ಯಾದವರ ಕಡೆಯ ಸರ್ಕಾರ ಬಂತು. ದೊಡ್ಡವರು ಜಗಳ ಶುರು ಮಾಡುವಾಗ ನಮ್ಮನ್ನು ಯಾರೂ ಕೇಳಿರಲಿಲ್ಲ. ಮುಗಿದ ಮೇಲೆ ಮಾತ್ರ ನೀನು ಯಾರ ಕಡೆ ಎಂದು ಕೇಳಿದರು. ಭಾವನನ್ನು ಸೆಮಿನಾರಿಗೆ ಕರೆದರು. ಹದಿನೈದು ದಿನ, ಎರಡು ಜೊತೆ ಬಟ್ಟೆ ಸಾಕು ಎಂದರು. ಸೆಮಿನಾರು ಎಂದರೆ ಸೆಮಿನಾರೇ ಎಂದು ನಂಬಿದ ಪುಣ್ಯಾತ್ಮ, ಅಂಗಿ ಇಸ್ತ್ರಿ ಮಾಡಿಸಿಕೊಂಡ, ಬರೆದುಕೊಳ್ಳಲು ಹೊಸ ನೋಟ್‌ಬುಕ್ ತಂದ. ಅಕ್ಕ ಬುವಾವಾನ್ ಅವನ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿದಳು.

“ಫಸ್ಟ್ ಕ್ಲಾಸಲ್ಲಿ ಪಾಸಾಗಿ ಬಾ ಭಾವಾ” ಅಂದೆ. ಆ ಮಾತು ನೆನೆದು ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಅವರು ಸೆಮಿನಾರು ಅಂದದ್ದು ಸೆರೆಶಿಬಿರಕ್ಕೆ. ಅವನು ಬಂದದ್ದು ಹನ್ನೊಂದು ವರ್ಷದ ಮೇಲೆ. ಕೂರಿಸಿದರೆ ಕೂತ, ಅನ್ನ ಕೊಟ್ಟರೆ ತಿಂದ. ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಅಕ್ಕನಿಗೂ ಬರಲಿಲ್ಲ. ಅವನೂ ಸೇರಿ ಮೂವರೂ ಅವನ ಕಾಲುಗಳನ್ನು ನೋಡುತ್ತಾ ಕೂತೆವು.

“ಮೈ ಬಂದಿದೆ ಕಣೇ, ಖ್ವಾನ್ ಅಲ್ಲೇ ಉಳ್ಕೊಂಡಿದೆ” ಎಂದಳು ಅಕ್ಕ. ನಮ್ಮಲ್ಲಿ ಯಾರಾದರೂ ಬಿದ್ದರೆ, ಬೆಚ್ಚಿದರೆ ಒಳಗಿನ ಜೀವ, ಖ್ವಾನ್, ಆ ಜಾಗದಲ್ಲೇ ನಿಂತುಬಿಡುತ್ತದೆ. ಮೀನು ಹಿಡಿಯುವ ಕೈಬಲೆಯಲ್ಲಿ ಮೊಟ್ಟೆ, ಅನ್ನದ ಉಂಡೆ ಇಟ್ಟು ಅಲ್ಲಿಗೇ ಹೋಗಿ ಬಾಚಿ ತರಬೇಕು. ಬಾಗಿಲಲ್ಲಿ ಮನೆಯವರು ‘ಬಂತಾ?’ ಎಂದು ಕೇಳುತ್ತಾರೆ. ತಂದವರು ‘ಬಂತು’ ಎನ್ನಬೇಕು. ಹಾಗೆಂದರೇ ಅದು ಒಳಗೆ ಬರುವುದು. ಆಮೇಲೆ ಅದು ಮತ್ತೆ ಹೋಗದಂತೆ ಮಣಿಕಟ್ಟಿಗೆ ದಾರ ಕಟ್ಟುತ್ತಾರೆ.

“ಯಾವ ಜಾಗ ಹೇಳಿ, ನಾನೇ ಹೋಗಿ ತರ್ತೀನಿ” ಎಂದು ಅಕ್ಕ ಗೋಗರೆದಳು.

“ಹೇಳಲ್ಲ ಅಂತ ಸೈನ್ ಹಾಕಿದೀನಿ.”

“ಹೆಸರಾದ್ರೂ ಹೇಳ್ರಿ.”

“ಹೆಸರಿರಲಿಲ್ಲ. ನಂಬರಿತ್ತು.”

ಅಕ್ಕ ಬಲೆಯನ್ನು ಒಲೆಯ ಮೇಲಿನ ಗೂಟಕ್ಕೆ ನೇತುಹಾಕಿದಳು. ಭಾವ ರಷ್ಯಾದ ಎಂಜಿನಿಯರುಗಳ ಲಾರಿ ಓಡಿಸಿದ. ಅವರ ಭಾಷೆಯಲ್ಲೂ ಎರಡು ಮಾತು ಕಲಿತ, ಎದೆ ಮಾತ್ರ ಉಬ್ಬಿಸಲಿಲ್ಲ. ಆಮೇಲೆ ಅವರೂ ಗಂಟುಮೂಟೆ ಕಟ್ಟಿದರು. ಬಲೆಗೆ ಹೊಗೆ ಹಿಡಿದು ಕಪ್ಪಾಯಿತು.

ಭಾವ ಬಂದು ಎಂಟು ವರ್ಷ ಕಳೆದ ಮೇಲೆ ಅಮೆರಿಕದವರು ಮತ್ತೆ ಬಂದರು, ಯುದ್ಧದಲ್ಲಿ ವಿಮಾನ ಸಮೇತ ಬಿದ್ದ ತಮ್ಮ ಹುಡುಗರ ಎಲುಬು ಹುಡುಕಲು. ಅವರಿಗೆ ಉತ್ತರದ ಬೆಟ್ಟದ ದಾರಿ ಗೊತ್ತಿರುವ ಡ್ರೈವರ್ ಬೇಕಾಗಿತ್ತು. ಭಾವನಿಗೆ ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ. ಹೊರಡುವ ಬೆಳಿಗ್ಗೆ ಅವನು ತಾನಾಗಿಯೇ ಗೂಟದಿಂದ ಬಲೆ ತೆಗೆದುಕೊಂಡ. ಒಬ್ಬನ ಖ್ವಾನ್ ಬಾಚುವುದು ಬೇರೆಯವರ ಕೆಲಸ, ಆದರೆ ಜಾಗ ಗೊತ್ತಿದ್ದವನು ಅವನೊಬ್ಬನೇ. ಅಕ್ಕ ಮೊಟ್ಟೆ ಬೇಯಿಸಿದಳು.

ಅಲ್ಲಿ ಅವರು ಜರಡಿ ಹಿಡಿದು ಒಂದು ಹಲ್ಲಿಗಾಗಿ ಗುಡ್ಡವನ್ನೇ ಸೋಸುತ್ತಿದ್ದರಂತೆ. ಇವನು ಹಳ್ಳದಾಚೆ, ಹಳೆಯ ಶಿಬಿರದ ಗೆದ್ದಲು ತಿಂದ ಬೇಲಿಗೂಟಗಳ ನಡುವೆ, ಒಣನೆಲದ ಮೇಲೆ ಬಲೆ ಎಳೆಯುತ್ತಿದ್ದನಂತೆ. ಒಬ್ಬ ಅಮೆರಿಕದವನು ಬಲೆ ನೋಡಿ, ಮೀನಾ ಎಂದು ಸನ್ನೆಯಲ್ಲಿ ಕೇಳಿದನಂತೆ.

“ನೀನೇನಂದೆ ಭಾವಾ?” ಎಂದು ಆಮೇಲೆ ಕೇಳಿದೆ.

“ನೋ ಪ್ರಾಬ್ಲಂ ಅಂದೆ.”

ಅವನು ಮರಳಿದ ಮಧ್ಯಾಹ್ನ ಅಕ್ಕ ಮೆಟ್ಟಿಲ ಮೇಲೆ ದಾರ ಹಿಡಿದು ನಿಂತಿದ್ದಳು. ಅವನು ಅಂಗಳದಲ್ಲಿ ನಿಂತ. ಬಲೆಯ ಬಾಯಿಗೆ ತನ್ನ ಅಂಗಿ ಮುಚ್ಚಿ, ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡಿದ್ದ.

“ಬಂತಾ?” ಎಂದಳು ಅಕ್ಕ.

ಅವನು ಬಲೆಯನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡ.

“ಬಂತಾ ಅಂದೆ. ‘ಬಂತು’ ಅನ್ರಿ.”

“ಗೊತ್ತಾಗಲಿಲ್ಲ ಬುವಾವಾನ್” ಎಂದ. “ಅಲ್ಲಿ ತುಂಬಾ ಜನರದ್ದಿತ್ತು. ನನ್ನದು ಯಾವುದು ಅಂತ ಗೊತ್ತಾಗಲಿಲ್ಲ.”

ಅಕ್ಕ ಬಲೆಯನ್ನೇ ನೋಡಿದಳು. ಆಮೇಲೆ ಬಾಗಿಲ ಒಂದು ಪಕ್ಕಕ್ಕೆ ಸರಿದು ನಿಂತಳು.

“ಯಾರದ್ದಾದ್ರೇನು,” ಎಂದಳು, “ಒಳಗೆ ಕರ್ಕೊಂಡು ಬನ್ನಿ.”